ಭದ್ರಮ್ಮನ ಆಣೆ: ಬಯಕೆ ಒಪ್ಪಿಗೆಗಳನ್ನು ಕುರಿತ ಒಂದು ಐತಿಹಾಸಿಕ ವಿಚಾರ

ಮನುಷ್ಯನ ಮನಸ್ಸು ಬಯಸುವುದು ಒಂದನ್ನು, ಅವನ ಅಂತಃಸಾಕ್ಷಿ ಒಪ್ಪುವುದು ಮತ್ತೊಂದನ್ನು. ಈ ಎರಡರ ನಡುವಣ ಬಿರುಕು ಧರ್ಮಶಾಸ್ತ್ರದಷ್ಟೇ ಹಳೆಯದು. ಕಠೋಪನಿಷತ್ತು ಇವನ್ನು ಪ್ರೇಯಸ್ಸು, ಶ್ರೇಯಸ್ಸು ಎಂದು ಬೇರ್ಪಡಿಸಿತು. ಶರಣರು ನಡೆ ನುಡಿಗಳು ಒಂದಾಗಬೇಕೆಂದು ಸಾರಿದರು. ಆದರೆ ನಡೆ ನುಡಿಗಳ ಬಿರುಕು ಹೊರಗೆ ಕಾಣುವಂಥದು. ಅದಕ್ಕೂ ಒಳಗೆ, ನಡೆಯಾಗುವ ಮೊದಲೇ, ಬಯಕೆಗೂ ಒಪ್ಪಿಗೆಗೂ ನಡೆಯುವ ಜಗಳ ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದಲೇ ಇತಿಹಾಸದಲ್ಲಿ ಇದಕ್ಕೆ ಸಾಕ್ಷಿ ಸಿಗುವುದು ವಿರಳ. ಶಾಸನಗಳು ದಾನವನ್ನು ಹೇಳುತ್ತವೆ, ಕಾವ್ಯಗಳು ದಿಗ್ವಿಜಯವನ್ನು ಹೇಳುತ್ತವೆ. ಅರಸನೊಬ್ಬನು ತಾನು ಮೆಚ್ಚದುದನ್ನೇ ಬಯಸಿ ನವೆದನೆಂಬುದನ್ನು ಕಲ್ಲಿನಲ್ಲಿ ಕೊರೆಯಿಸುವವರು ಯಾರೂ ಇಲ್ಲ. ಇಂಥ ಒಂದು ಸಾಕ್ಷಿ ಕೆಳದಿಯ ವೀರಶೈವ ಅರಸು ಮನೆತನದ ಇತಿಹಾಸದಲ್ಲಿ ಉಳಿದುಬಂದಿದೆ. ಅದು ಉಳಿದದ್ದು ಹೊನ್ನಾವರದಲ್ಲಿ ಇಳಿದು ಶರಾವತಿಯ ದಾರಿ ಹಿಡಿದು ಇಕ್ಕೇರಿಗೆ ಹೋದ ಒಬ್ಬ ಪರದೇಶಿಯ ಪತ್ರದಲ್ಲಿ.

ಆ ಪರದೇಶಿಯ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಕುಲೀನ ಮನೆತನದವನು. 1614ರಲ್ಲಿ ಇಟಲಿಯನ್ನು ಬಿಟ್ಟು, ತುರ್ಕಿ, ಈಜಿಪ್ಟು, ಬಾಗ್ದಾದು, ಪರ್ಷಿಯಗಳನ್ನು ಸುತ್ತಿ, 1623ರಲ್ಲಿ ಭಾರತಕ್ಕೆ ಬಂದನು. ಬಾಗ್ದಾದಿನಲ್ಲಿ ಅವನು ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ವರಿಸಿದ್ದನು. ಆಕೆ ಪರ್ಷಿಯದಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿಟ್ಟು ತನ್ನೊಡನೆ ಭಾರತಕ್ಕೂ ತಂದನು. ಕೊನೆಗೆ ಅದನ್ನು ರೋಮ್‌ವರೆಗೆ ಒಯ್ದು ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದನು. ಹೆಂಡತಿಯ ಅಗಲಿಕೆಯನ್ನು ಹೊತ್ತು ತಿರುಗುತ್ತಿದ್ದ ಇಂಥವನ ಕಿವಿಗೆ ಇಕ್ಕೇರಿಯ ಕಥೆ ಬಿದ್ದುದು ಆಕಸ್ಮಿಕವಾದರೂ ಅರ್ಥಪೂರ್ಣವಾದುದು. ಅವನು ನೇಪಲ್ಸಿನ ಮಿತ್ರ, ವೈದ್ಯ ಮಾರಿಯೊ ಸ್ಕಿಪಾನೊನಿಗೆ ಬರೆದ ಪತ್ರಗಳೇ ಮುಂದೆ ಪುಸ್ತಕವಾದುವು. ಭಾರತದ ಭಾಗ 1663ರಲ್ಲಿ ಅಚ್ಚಾಯಿತು.

ಆ ಕಾಲದ ಕರಾವಳಿಯ ಸ್ಥಿತಿಯನ್ನು ಮೊದಲು ಅರಿಯುವುದು ಅವಶ್ಯ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಇಂದಿನ ಭಟಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಬಹುಭಾಗವು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಆಳಿಕೆಯಲ್ಲಿತ್ತು. ಆಕೆ ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದಳು. ಪೋರ್ತುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೆಣಸು ಶರಾವತಿಯಲ್ಲಿ ದೋಣಿಯೇರಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಭಟಕಳದ ಬಂದರು ಹೆಸರಾಂತ ಪೇಟೆಯಾಗಿತ್ತು. ಅಘನಾಶಿನಿಯ ದಡದ ಮಿರ್ಜಾನದ ಕೋಟೆಯನ್ನು ಆಕೆಯೇ ಕಟ್ಟಿಸಿದಳೆಂಬ ಪ್ರತೀತಿ ಕುಮಟೆಯ ಕಡೆ ಇಂದಿಗೂ ಇದೆ. ಭಟಕಳದ ಬಳಿಯ ಹಾಡುವಳ್ಳಿ, ಅಂದರೆ ಸಂಗೀತಪುರ, ಜೈನ ವಿದ್ವತ್ತಿನ ನೆಲೆಯಾಗಿತ್ತು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕನು ಆ ಪರಂಪರೆಯವನೇ. ಕನ್ನಡ ವ್ಯಾಕರಣದ ಆ ಮಹಾಗ್ರಂಥ ಮುಗಿದ ಕೆಲವೇ ವರ್ಷಗಳಲ್ಲಿ ಗೇರುಸೊಪ್ಪೆಯ ರಾಜ್ಯವೂ ಮುಗಿಯಿತು. ಅದನ್ನು ಗೆದ್ದವನು ಇಕ್ಕೇರಿಯಿಂದ ಆಳುತ್ತಿದ್ದ ಕೆಳದಿಯ ಹಿರಿಯ ವೆಂಕಟಪ್ಪನಾಯಕ.

ವೆಂಕಟಪ್ಪನಾಯಕನು ಸಾಮಾನ್ಯನಲ್ಲ. ವಿಜಯನಗರದ ಸಾಮಂತಿಕೆಯಿಂದ ಬಿಡಿಸಿಕೊಂಡು ರಾಜ್ಯವನ್ನು ಕಡಲವರೆಗೆ ಹಬ್ಬಿಸಿದವನು. ಶಿವಭಕ್ತ, ಜಂಗಮಪ್ರಿಯ, ಆದರೂ ಶೃಂಗೇರಿಯ ಮಠಕ್ಕೆ ಪೋಷಣೆ ಕೊಟ್ಟ ವಿಶಾಲ ಮನಸ್ಸಿನವನು. ಮೆಣಸಿನ ವ್ಯಾಪಾರದಲ್ಲಿ ಪೋರ್ತುಗೀಸರು ಅವನನ್ನು ಅವಲಂಬಿಸಬೇಕಾಯಿತು. 1623ರಲ್ಲಿ ಗೋವೆಯಿಂದ ಅವನ ಬಳಿಗೆ ಹೊರಟ ಪೋರ್ತುಗೀಸ್ ರಾಯಭಾರದಲ್ಲಿ, ಮೆಣಸಿನ ಬಾಕಿಯ ಜೊತೆಗೆ, ಅವನು ತುಳುನಾಡಿನ ಬಂಗರಸನನ್ನು ನೆಲೆತಪ್ಪಿಸಿದ ವಿಷಯವೂ ಸೇರಿತ್ತು. ವಿಠಲ ಶೆಣೈ ಎಂಬ ಬ್ರಾಹ್ಮಣನು ಇಕ್ಕೇರಿಯ ಪ್ರತಿನಿಧಿಯಾಗಿ ಆ ತಂಡದೊಡನೆ ಹಿಂದಿರುಗುತ್ತಿದ್ದನು. ದೆಲ್ಲಾ ವಾಲ್ಲೆಯು ನಾಡು ನೋಡುವ ಆಸೆಯಿಂದ ಅದರೊಡನೆ ಸೇರಿಕೊಂಡನು.

ಅಕ್ಟೋಬರಿನಲ್ಲಿ ತಂಡವು ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದಿತು. ಅಲ್ಲಿನ ಕೋಟೆ ಆಗ ಪೋರ್ತುಗೀಸರ ಕೈಯಲ್ಲಿತ್ತು. ಶಿವಪ್ಪನಾಯಕನು ಅದನ್ನು ಗೆದ್ದುಕೊಂಡದ್ದು ಮೂವತ್ತು ವರ್ಷಗಳ ಮೇಲೆ, 1654ರಲ್ಲಿ. ಹೊನ್ನಾವರದಿಂದ ದೋಣಿಗಳಲ್ಲಿ ನದಿಯ ಮೇಲೆ ಸಾಗಿ ಗೇರುಸೊಪ್ಪೆಯನ್ನು ಮುಟ್ಟಿದರು. ಎರಡೂ ದಡಗಳ ಹಸುರು ಪ್ರವಾಸಿಯ ಮನಸ್ಸನ್ನು ಸೆಳೆಯಿತು. ಆದರೆ ಗೇರುಸೊಪ್ಪೆಯ ಪಟ್ಟಣ ಹಾಳಾಗಿತ್ತು. ಅರಮನೆಯ ನೆಲದಲ್ಲಿ ಮರಗಳು ಬೆಳೆದಿದ್ದುವು. ಇಂದಿಗೂ ಅಲ್ಲಿಯ ಕಾಡಿನ ನಡುವೆ ಚತುರ್ಮುಖ ಬಸದಿಯೊಂದು ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವುದನ್ನು ಕಂಡವರಿಗೆ ಆ ಪಟ್ಟಣದ ಹಿಂದಿನ ವೈಭವ ಊಹೆಗೆ ಬರುತ್ತದೆ.

ಘಟ್ಟವನ್ನೇರಿದ ಮೇಲೆ, ದಾರಿಯ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ದೆಲ್ಲಾ ವಾಲ್ಲೆ ಕಂಡ ನೋಟ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಹೆಸರುವಾಸಿಯಾಗಿದೆ. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ ಲೆಕ್ಕ ಕಲಿಯುತ್ತಿದ್ದರು. ಒಬ್ಬನು ಪಾಠವನ್ನು ರಾಗವಾಗಿ ಹಾಡುತ್ತ ಅದನ್ನೇ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದವರು ಅದನ್ನೇ ಹಾಡಿ ಬರೆಯುವರು. ನೆಲ ತುಂಬಿದರೆ ಒರಸಿ ಹೊಸ ಮರಳು ಹರಡುವರು. ಗುರುವಿಲ್ಲ. ಮರೆತರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದನು. ನಾಲ್ವರೂ ಒಂದೇ ಭಾಗವನ್ನು ಮರೆಯುವುದು ಸಾಧ್ಯವಿಲ್ಲ, ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪಿಸುವನು ಎಂಬುದು ಹುಡುಗರ ಉತ್ತರ. ನಾಲಗೆಯೂ ಬೆರಳೂ ಒಂದೇ ಮಾತನ್ನು ಹೇಳುವಂತೆ ಮಾಡುವ ಈ ಸರಳ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇದು ಬೇಕಾಗುತ್ತದೆ.

ಇಕ್ಕೇರಿಯಲ್ಲಿ ಅವನು ಅಘೋರೇಶ್ವರನ ಗುಡಿಯನ್ನು ಕಂಡನು, ಜಂಗಮರಿಗೆ ಸಲ್ಲುವ ಮರ್ಯಾದೆಯನ್ನು ಕಂಡನು, ಅರಸನ ಸಭೆಯನ್ನೂ ಕಂಡನು. ರಾಣಿಯನ್ನು ಕಾಣಲಿಲ್ಲ. ಪಟ್ಟದರಸಿ ಭದ್ರಮ್ಮ ಅಷ್ಟರಲ್ಲಿ ಲಿಂಗೈಕ್ಯಳಾಗಿದ್ದಳು. ಆಕೆಯ ವಿಷಯವಾಗಿ ಇಕ್ಕೇರಿಯಲ್ಲಿ ಕೇಳಿದ್ದನ್ನು ಅವನು ಬರೆದಿಟ್ಟನು.

ಅವನ ಬರವಣಿಗೆಯ ಸಾರವಿಷ್ಟು. ಭದ್ರಮ್ಮನು ಲಿಂಗವಂತ ಕುಲದವಳು; ರಾಜ್ಯದ ವಿಚಾರಗಳಲ್ಲಿ ಅರಸನು ಆಕೆಯ ಮಾತನ್ನು ಮನ್ನಿಸುತ್ತಿದ್ದನು. ಹನ್ನೆರಡು ಹದಿಮೂರು ವರ್ಷಗಳ ಹಿಂದೆ, ಆಕೆಗೆ ಮೂವತ್ತೈದರ ಸುಮಾರು ಪ್ರಾಯವಾಗಿದ್ದಾಗ, ಅರಸನು ಒಬ್ಬ ಮುಸಲ್ಮಾನ ಸ್ತ್ರೀಯಲ್ಲಿ ಅನುರಕ್ತನಾಗಿ, ಆಕೆಯನ್ನು ಸಮೀಪದ ಒಂದು ಕೋಟೆಯಲ್ಲಿ ಗುಟ್ಟಾಗಿ ಇರಿಸಿ, ಆಗಾಗ ಎರಡು ಮೂರು ದಿನ ಅಲ್ಲಿ ಕಳೆಯುತ್ತಿರುವ ಸುದ್ದಿ ರಾಣಿಗೆ ತಿಳಿಯಿತು. ಭದ್ರಮ್ಮನು ಅರಸನನ್ನು ನೇರವಾಗಿ ಕೇಳಿದಳು. ತನಗಾದ ಅನ್ಯಾಯಕ್ಕಿಂತ ಅವನು ತನಗೆ ತಾನೇ ಮಾಡಿಕೊಂಡ ಕೇಡು ಹೆಚ್ಚಿನದೆಂದಳು. ತಮ್ಮ ಆಚಾರಕ್ಕೆ ಒಗ್ಗುವ ಬೇರೆ ಹೆಣ್ಣುಗಳನ್ನು ಇಟ್ಟುಕೊಂಡಿದ್ದರೆ ಸಹಿಸುತ್ತಿದ್ದೆನೆಂದೂ, ಮದ್ಯಮಾಂಸಗಳ ಸಂಪರ್ಕದಿಂದ ವ್ರತಭಂಗ ಮಾಡಿಕೊಂಡವನೊಡನೆ ಇನ್ನು ದಾಂಪತ್ಯವಿಲ್ಲವೆಂದೂ ಹೇಳಿ ಆಣೆಯಿಟ್ಟಳು: ಅಂದಿನಿಂದ ಅವನು ತನಗೆ ತಂದೆ, ತಾನು ಅವನಿಗೆ ಮಗಳು.

ಇಷ್ಟಾದ ಮೇಲೆ ಆಕೆ ಮುನಿಸನ್ನು ತೋರಲಿಲ್ಲ. ಅರಮನೆಯನ್ನು ಬಿಡಲಿಲ್ಲ. ಅರಸನು ಕಾಯಿಲೆ ಬಿದ್ದರೆ ಆರೈಕೆ ಮಾಡಿದಳು. ರಾಜ್ಯಭಾರದಲ್ಲಿ ಎಂದಿನಂತೆ ಸಲಹೆ ಕೊಟ್ಟಳು. ದಾಂಪತ್ಯವೊಂದನ್ನು ಬಿಟ್ಟು ಗೃಹಿಣಿಯ ಎಲ್ಲ ಕರ್ತವ್ಯಗಳನ್ನೂ ಮೊದಲಿನ ಪ್ರೀತಿಯಿಂದಲೇ ನಡಸಿದಳು. ಅರಸನು ಆಕೆಯ ಮನಸ್ಸನ್ನು ತಿರುಗಿಸಲು ಬಹಳ ಯತ್ನಿಸಿದನು. ಆಣೆಯನ್ನು ಮೀರಿದ ದೋಷಕ್ಕೆ ಪ್ರಾಯಶ್ಚಿತ್ತವಾಗಿ 20,000ಕ್ಕೂ ಹೆಚ್ಚು ವರಹಗಳನ್ನು ದಾನ ಮಾಡುವೆನೆಂದು ಅನೇಕ ಸಲ ಮುಂದಾದನು. ಆಕೆ ಒಪ್ಪಲಿಲ್ಲ, ಸಾಯುವವರೆಗೆ ಆಣೆಯಲ್ಲಿ ನಿಂತಳು. ಇದರಿಂದ ಅರಸನಿಗೆ ಆಕೆಯ ಮೇಲೆ ಪ್ರೀತಿ ಕುಂದಲಿಲ್ಲ, ಬೆಳೆಯಿತು.

ಈ ಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಪ್ರವಾಸಿಯು ರಾಣಿಯನ್ನು ನೋಡಿದವನಲ್ಲ, ಕೇಳಿ ಬರೆದವನು. ಅದೇ ಪತ್ರದಲ್ಲಿ ಅವನು ಗೇರುಸೊಪ್ಪೆಯ ರಾಣಿಯ ಬಗೆಗೂ ಒಂದು ಕಥೆ ಹೇಳುತ್ತಾನೆ. ಆಕೆ ಕೀಳು ಸ್ಥಿತಿಯ ಒಬ್ಬ ಪರಕೀಯನಿಗೆ ಮನಸೋತು, ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಕೊಟ್ಟು ಕೆಟ್ಟಳೆಂಬುದು ಅದರ ತಿರುಳು. ಬಯಕೆಯಿಂದ ಕೆಟ್ಟ ರಾಣಿಯೊಬ್ಬಳು, ಬಯಕೆಯನ್ನು ಗೆದ್ದ ರಾಣಿಯೊಬ್ಬಳು ಎಂದು ಎರಡು ಕಥೆಗಳನ್ನು ಎದುರುಬದುರಾಗಿ ನಿಲ್ಲಿಸಿ ನೀತಿ ಹೇಳಿಬಿಡುವುದು ಸುಲಭ. ಇತಿಹಾಸದ ವಿದ್ಯಾರ್ಥಿ ಹಾಗೆ ಮಾಡಲಾಗದು. ಅರ್ಧ ಶತಮಾನ ಪೋರ್ತುಗೀಸರನ್ನು ಸರಿಗಟ್ಟಿ ರಾಜ್ಯವಾಳಿದ ಚೆನ್ನಭೈರಾದೇವಿಯ ಚಿತ್ರಕ್ಕೆ ಆ ಮೊದಲ ಕಥೆ ಹೊಂದುವುದಿಲ್ಲ. ಸೋತವರ ಮೇಲೆ ಅಪವಾದ ಹೊರಿಸುವುದು ಗೆದ್ದವರ ನಾಡಿನಲ್ಲಿ ಸಹಜ. ಅದನ್ನು ಅಲ್ಲಗಳೆಯಲು ರಾಣಿಯ ಕಡೆಯವರು ಯಾರೂ ಉಳಿದಿರಲಿಲ್ಲ. ಭದ್ರಮ್ಮನ ಕಥೆಯ ಸ್ಥಿತಿ ಬೇರೆ. ಅದು ಆಳುತ್ತಿರುವ ಅರಸನಿಗೇ ಕುಂದು ತರುವಂಥದು. ಅವನ ರಾಜಧಾನಿಯಲ್ಲೇ, ಅವನು ಬದುಕಿರುವಾಗಲೇ, ಜನ ಆಡಿಕೊಳ್ಳುತ್ತಿದ್ದುದು. ಮುಖಸ್ತುತಿಯಿಂದ ಹುಟ್ಟುವ ಕಥೆಯ ಲಕ್ಷಣ ಅದರಲ್ಲಿಲ್ಲ. ಮಾತುಗಳ ವಿವರ ಹೆಚ್ಚು ಕಡಿಮೆಯಾಗಿರಬಹುದು. ಸಂಗತಿಯ ತಿರುಳು ನಂಬತಕ್ಕದ್ದು. ಒಂದೇ ಪತ್ರದ ಎರಡು ಕಥೆಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯಲು ಇದೇ ಕಾರಣ.

ಇನ್ನು ವೆಂಕಟಪ್ಪನಾಯಕನ ಅಂತರಂಗವನ್ನು ನೋಡಬಹುದು. ಅವನು ತನ್ನ ಆಚಾರವನ್ನು ಅಲ್ಲಗಳೆದವನಲ್ಲ. ಅಲ್ಲಗಳೆದಿದ್ದರೆ ಗುಟ್ಟಿನ ಅಗತ್ಯವೇ ಇರಲಿಲ್ಲ. ಅರಸನಿಗೆ ಯಾರ ಅಂಜಿಕೆ? ಕೋಟೆಯೊಳಗಿನ ಆ ಗುಟ್ಟು ಎರಡು ವಿಷಯಗಳನ್ನು ಒಟ್ಟಿಗೆ ಹೇಳುತ್ತದೆ: ಅವನು ಬಯಸುತ್ತಿದ್ದನು, ಬಯಸಿದ್ದನ್ನು ಒಪ್ಪುತ್ತಿರಲಿಲ್ಲ. ಮುಂದೆ ಅವನು ಪ್ರಾಯಶ್ಚಿತ್ತದ ಹೊನ್ನನ್ನು ಮುಂದೊಡ್ಡಿದುದೂ ಇದೇ ಮನಸ್ಸಿನಿಂದ. ದಾನವು ದೊಡ್ಡದು, ಆದರೆ ಅದು ಬಯಕೆಯನ್ನು ಬಯಕೆಯಾಗಿಯೇ ಉಳಿಸಿ, ಒಪ್ಪಿಗೆಯನ್ನು ಕೊಂಡುಕೊಳ್ಳಲು ಹೊರಟ ದಾನ. ಇಕ್ಕೇರಿ ವರಹದ ಮೇಲೆ ಉಮಾಮಹೇಶ್ವರರು ಜೊತೆಯಾಗಿ ಕುಳಿತ ರೂಪವಿರುವುದು ನಾಣ್ಯಗಳನ್ನು ಬಲ್ಲವರಿಗೆ ತಿಳಿದುದೇ. ಅಂಥ ಇಪ್ಪತ್ತು ಸಾವಿರ ನಾಣ್ಯಗಳನ್ನು ಸುರಿದರೂ ಒಡೆದ ಒಂದು ದಾಂಪತ್ಯ ಕೂಡಲಿಲ್ಲ.

ಭದ್ರಮ್ಮನ ನಡತೆಯನ್ನು ಅಕ್ಕಮಹಾದೇವಿಯ ಕಥೆಯೊಡನೆ ಹೋಲಿಸಿ ನೋಡುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಉಚಿತವಾದೀತು. ಹರಿಹರನ ರಗಳೆಯಲ್ಲಿ ಅಕ್ಕನು ಕೌಶಿಕನಿಗೆ ಷರತ್ತುಗಳನ್ನು ಒಡ್ಡುವಳು. ಅವನು ಮೀರಿದಾಗ ಅರಮನೆಯನ್ನೇ ತೊರೆದು ಶ್ರೀಶೈಲದ ದಾರಿ ಹಿಡಿಯುವಳು. ಅಕ್ಕನಿಗೆ ಕೌಶಿಕನು ಎಂದೂ ಬೇಕಾದವನಲ್ಲ. ಆಕೆಯ ಬಯಕೆ ಒಪ್ಪಿಗೆಗಳೆರಡೂ ಚೆನ್ನಮಲ್ಲಿಕಾರ್ಜುನನಲ್ಲೇ ನೆಟ್ಟಿದ್ದುವು. ಭದ್ರಮ್ಮನ ಪಾಡು ಇದಕ್ಕಿಂತ ಬೇರೆ. ಆಕೆ ಗಂಡನನ್ನು ಪ್ರೀತಿಸಿದವಳು. ಅವನ ಆರೈಕೆಯಲ್ಲಿ ಕಡೆಯವರೆಗೂ ಆ ಪ್ರೀತಿ ಕಾಣುತ್ತದೆ. ಹೊರಟುಹೋಗುವುದು ಆಕೆಗೆ ಬೇಡ, ಒಪ್ಪದುದರೊಡನೆ ಬಾಳುವುದೂ ಬೇಡ. ಆಕೆ ಮಾಡಿದ್ದೇನೆಂದರೆ, ಸಂಬಂಧದ ಹೆಸರನ್ನೇ ಬದಲಿಸಿದುದು. ಗಂಡನಲ್ಲಿದ್ದ ಪ್ರೀತಿಯನ್ನು ತಂದೆಯಲ್ಲಿರುವ ಪ್ರೀತಿಯಾಗಿ ತಿರುಗಿಸಿದಳು. ಬಯಕೆಯನ್ನು ಕೊಲ್ಲದೆ, ಒಪ್ಪಿಗೆಯನ್ನು ಸಡಿಲಿಸದೆ, ಬಯಕೆಗೆ ಒಪ್ಪಿಗೆಯ ಪಾತ್ರವೊಂದನ್ನು ಕಂಡುಹಿಡಿದಳು. ಹನ್ನೆರಡು ವರ್ಷ ಒಂದೇ ಛಾವಣಿಯ ಕೆಳಗೆ ಅದನ್ನು ನಡಸಿದಳೆಂಬುದು ಆ ಆಣೆಯ ಬೆಲೆ.

ಷಟ್‌ಸ್ಥಲ ಸಿದ್ಧಾಂತದ ಪರಿಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು. ಭಕ್ತಸ್ಥಲಕ್ಕೆ ಶ್ರದ್ಧೆ, ಮಾಹೇಶ್ವರಸ್ಥಲಕ್ಕೆ ನಿಷ್ಠೆ, ಪ್ರಸಾದಿಸ್ಥಲಕ್ಕೆ ಅವಧಾನ, ಪ್ರಾಣಲಿಂಗಿಸ್ಥಲಕ್ಕೆ ಅನುಭಾವ, ಶರಣಸ್ಥಲಕ್ಕೆ ಆನಂದ, ಐಕ್ಯಸ್ಥಲಕ್ಕೆ ಸಮರಸ. ಶ್ರದ್ಧೆಯೆಂದರೆ ಒಪ್ಪಿಗೆ, ಅದು ವೆಂಕಟಪ್ಪನಾಯಕನಿಗೂ ಇತ್ತು. ನಿಷ್ಠೆಯೆಂದರೆ ಒಪ್ಪದುದನ್ನು ಮುಟ್ಟೆನೆಂಬ ಛಲ. ಇಷ್ಟರಿಂದ ಕೈ ತಡೆಯಬಹುದು, ಮನಸ್ಸು ತಡೆಯದು. ಬಯಕೆಯ ಸ್ವರೂಪವೇ ಬದಲಾಗತೊಡಗುವುದು ಪ್ರಸಾದಿಸ್ಥಲದ ಅವಧಾನದಲ್ಲಿ. ಲಿಂಗಕ್ಕೆ ಅರ್ಪಿಸದುದನ್ನು ಸೇವಿಸಬಾರದೆಂಬ ನಿಯಮದ ಒಳಮರ್ಮವಿದು. ತುತ್ತನ್ನು ಬಾಯಿಗಿಡುವ ಮುನ್ನ ಕೈ ಕ್ಷಣಕಾಲ ನಿಲ್ಲುತ್ತದೆ. ಇದು ಅರ್ಪಣೆಗೆ ತಕ್ಕುದೇ ಎಂಬ ಪ್ರಶ್ನೆ ಆ ಕ್ಷಣದಲ್ಲಿ ಏಳುತ್ತದೆ. ದಿನಕ್ಕೆ ಹಲವು ಸಲ, ವರ್ಷಾನುಗಟ್ಟಲೆ, ಪ್ರತಿಯೊಂದು ಪದಾರ್ಥದ ಮುಂದೆಯೂ ಹೀಗೆ ನಿಂತು ಕೇಳಿದವನಿಗೆ, ಅರ್ಪಿಸಲಾಗದುದರ ರುಚಿ ಮೆಲ್ಲನೆ ಕುಂದುತ್ತದೆ. ಗುಡಿಯ ಜಗಲಿಯ ಹುಡುಗರು ಹಾಡುತ್ತ ಬರೆದು ನಾಲಗೆಗೂ ಬೆರಳಿಗೂ ಹೊಂದಿಕೆ ತಂದುಕೊಂಡುದು ಹೇಗೋ, ಹಾಗೆಯೇ ಈ ಅಭ್ಯಾಸವು ಬಯಕೆಗೂ ಒಪ್ಪಿಗೆಗೂ ಹೊಂದಿಕೆ ತರುತ್ತದೆ. ಒಬ್ಬನು ಮರೆತುದನ್ನು ಇನ್ನೊಬ್ಬನು ನೆನಪಿಸುವ ಆ ನಾಲ್ವರ ಕೂಟ ಶರಣಸಂಗದ ಮಹತ್ತ್ವವನ್ನೂ ತೋರಿಸುತ್ತದೆ. ವೆಂಕಟಪ್ಪನಾಯಕನು ದೂರದ ಕೋಟೆಯನ್ನು ಅರಸಿದುದು ಈ ನೆನಪಿಸುವವರಿಂದ ತಪ್ಪಿಸಿಕೊಳ್ಳುವುದಕ್ಕೇ. ಅವನ ಪಾಲಿಗೆ ನೆನಪಿಸುವವಳು ಭದ್ರಮ್ಮನೇ ಆಗಿದ್ದಳು. ಅದನ್ನು ಅರಿತುದರಿಂದಲೇ ಅವನ ಪ್ರೀತಿ ಬೆಳೆದಿರಬೇಕು.

ಆದರೆ ವಿಚಾರವನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಬಯಕೆಯನ್ನು ಒಪ್ಪಿಗೆಗೆ ಹೊಂದಿಸಿದ ಮಾತ್ರಕ್ಕೆ ಬಾಳು ಸಾರ್ಥಕವೇ? ಒಪ್ಪಿಗೆಯೇ ತಪ್ಪಾಗಿದ್ದರೆ? ದೆಲ್ಲಾ ವಾಲ್ಲೆಯ ಅದೇ ಇಕ್ಕೇರಿಯ ಪತ್ರದಲ್ಲಿ ಇನ್ನೊಬ್ಬ ಹೆಣ್ಣುಮಗಳು ಬರುತ್ತಾಳೆ. ಅವನ ಬರವಣಿಗೆಯ ಹೆಸರನ್ನು ನೋಡಿದರೆ ಆಕೆ ಜಕ್ಕಮ್ಮನಿರಬೇಕು. ತೆಲುಗರ ಪೈಕಿ ಒಬ್ಬ ನಗಾರಿ ಬಾರಿಸುವವನ ಹೆಂಡತಿ. ಗಂಡನು ಸತ್ತಿದ್ದನು, ಆಕೆ ಸಹಗಮನಕ್ಕೆ ನಿಶ್ಚಯಿಸಿ, ಸಿಂಗರಿಸಿಕೊಂಡು, ವಾದ್ಯಗಳೊಡನೆ ಬೀದಿಗಳಲ್ಲಿ ಮೆರವಣಿಗೆ ಹೋಗುತ್ತಿದ್ದಳು. ಪ್ರವಾಸಿಯು 1623ರ ನವೆಂಬರಿನಲ್ಲಿ ಆಕೆಯ ಮನೆಗೇ ಹೋಗಿ ಮಾತನಾಡಿಸಿದನು. ಹಿರಿಯ ಸವತಿಯರಿಬ್ಬರು ಸಾಯಲು ಒಪ್ಪಿರಲಿಲ್ಲ. ತಮಗೆ ಮಕ್ಕಳು ಬಹಳವೆಂದು ಹೇಳಿದ್ದರು. ಈಕೆಗೂ ಎಳೆಯ ಮಗ, ಮಗಳು ಇದ್ದರು. ಅವರನ್ನು ಬಿಟ್ಟು ಹೇಗೆ ಹೋಗುವೆಯೆಂದರೆ, ಬಂಧುಗಳ ಕೈಗೆ ಒಪ್ಪಿಸಿರುವೆನೆಂದಳು. ಯಾರ ಬಲವಂತವೂ ಇಲ್ಲ, ಇದು ತನ್ನದೇ ಇಚ್ಛೆ ಎಂದಳು. ಅವನು ತನ್ನ ಕೈಲಾದಷ್ಟು ಬೇಡವೆಂದನು, ಆಕೆ ಕದಲಲಿಲ್ಲ.

ಬಯಕೆ ಒಪ್ಪಿಗೆಗಳ ಹೊಂದಿಕೆಯೊಂದೇ ಅಳತೆಗೋಲಾದರೆ, ಜಕ್ಕಮ್ಮನಲ್ಲಿ ಅದು ಪೂರ್ಣವಾಗಿತ್ತು. ಆಕೆ ಮೆಚ್ಚಿದುದನ್ನೇ ಬಯಸಿದಳು, ನಗುಮುಖದಿಂದ ಬಯಸಿದಳು. ಆದರೂ ಆ ಹೊಂದಿಕೆ ಎಳೆಯ ಮಕ್ಕಳಿಬ್ಬರನ್ನು ತಬ್ಬಲಿ ಮಾಡಲಿತ್ತು. ಆಕೆಯ ಒಪ್ಪಿಗೆ ಆಕೆಯದೇ ಆಗಿತ್ತೇ, ಬೀದಿಯ ವಾದ್ಯಗಳೂ ಜನರ ಕೈಮುಗಿತಗಳೂ ಆಕೆಯ ಎದೆಯಲ್ಲಿ ನೆಟ್ಟ ಒಪ್ಪಿಗೆಯೇ ಎಂಬ ಪ್ರಶ್ನೆ ಏಳದಿರದು. ಮರಳಿನ ಮೇಲೆ ಬರೆಯುವ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ಮಗ್ಗಿಯೇ ತಪ್ಪಾಗಿದ್ದರೆ ನಾಲ್ವರೂ ಕೂಡಿ ಆ ತಪ್ಪನ್ನೇ ರಾಗವಾಗಿ ಕಲಿತುಬಿಡುವರು.

ಭದ್ರಮ್ಮನ ಒಪ್ಪಿಗೆಯನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಪ್ರವಾಸಿಯ ಮಾತು ನಿಜವಾದರೆ, ಬೇರೆ ಹೆಣ್ಣುಗಳನ್ನು ಆಕೆ ಸಹಿಸುತ್ತಿದ್ದಳು. ಸಹಿಸದೆ ಹೋದುದು ಕುಲದ ಮಾತನ್ನು. ಹುಟ್ಟಿನ ಮೈಲಿಗೆಯನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಿರಲಿಲ್ಲ. ಹರಳಯ್ಯ, ಮಧುವರಸರ ಮನೆಗಳ ಸಂಬಂಧವು ಕಲ್ಯಾಣದಲ್ಲಿ ಎಂಥ ಬೆಲೆಯನ್ನು ಕೇಳಿತೆಂಬುದು ಎಲ್ಲರಿಗೂ ತಿಳಿದಿದೆ. ಕೋಟೆಯಲ್ಲಿದ್ದ ಆ ಮುಸಲ್ಮಾನ ಸ್ತ್ರೀಯ ಹೆಸರನ್ನು ಕಥೆ ಹೇಳುವುದಿಲ್ಲ; ಆಕೆ ಏನನ್ನು ಬಯಸಿದಳು, ಏನನ್ನು ಒಪ್ಪಿದಳು ಎಂದು ಯಾರೂ ಕೇಳಲಿಲ್ಲ. ಭದ್ರಮ್ಮನ ಮಾತಿನಲ್ಲಿ ಕುಲದ ಅಂಶವನ್ನು ಬಿಟ್ಟರೂ ಉಳಿಯುವುದೊಂದಿದೆ: ನೀನು ನನಗೆ ಮಾಡಿದ ಅನ್ಯಾಯಕ್ಕಿಂತ ನಿನಗೆ ಮಾಡಿಕೊಂಡ ಕೇಡು ದೊಡ್ಡದು ಎಂಬ ಅಳಲು. ಕೊಟ್ಟ ಮಾತಿಗೆ, ಕಟ್ಟಿಕೊಂಡ ಲಿಂಗಕ್ಕೆ ತಪ್ಪಿದವನು ಮೊದಲು ತನಗೆ ತಾನೇ ಎರವಾಗುವನೆಂಬುದು ಅದರ ಭಾವ. ಈ ಭಾಗಕ್ಕೆ ಕಾಲದ ಮಿತಿಯಿಲ್ಲ. ಮೊದಲ ಭಾಗವನ್ನು ಕಾಲಕ್ಕೆ ಬಿಟ್ಟು, ಎರಡನೆಯದನ್ನು ಉಳಿಸಿಕೊಳ್ಳುವುದು ಇಂದಿನವರ ವಿವೇಕ.

ಹೀಗೆ ಕೆಲಸವು ಎರಡು ಬಗೆಯದಾಗುತ್ತದೆ. ಬಯಕೆಯನ್ನು ಒಪ್ಪಿಗೆಯ ಕಡೆಗೆ ನಡಸುವುದು ಒಂದು. ಒಪ್ಪಿಗೆಯನ್ನೇ ಅರಿವಿನ ಬೆಳಕಿನಲ್ಲಿ ಮತ್ತೆ ಮತ್ತೆ ನೋಡುವುದು ಇನ್ನೊಂದು. ಮೊದಲನೆಯದಿಲ್ಲದೆ ಎರಡನೆಯದು ಬರಿಯ ವಾದ. ಎರಡನೆಯದಿಲ್ಲದೆ ಮೊದಲನೆಯದು ಕುರುಡು ನಿಷ್ಠೆ. ಶರಣರು ಆಚಾರದ ಜೊತೆಯಲ್ಲಿಯೇ ಅರಿವನ್ನು ಇರಿಸಿದುದರ ಔಚಿತ್ಯವಿದು. ಸಮರಸವೆಂಬ ಮಾತಿಗೆ ಈ ಎರಡೂ ಕೂಡಿದಾಗಲೇ ಅರ್ಥ.

ವೆಂಕಟಪ್ಪನಾಯಕನು 1629ರ ಸುಮಾರಿಗೆ ಕಣ್ಮರೆಯಾದನು. ಅವನ ಮೊಮ್ಮಗ ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೋಯಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದಾಗ ಆ ರಾಜ್ಯವೂ ಮುಗಿಯಿತು. ಮೆಣಸಿನ ದೋಣಿಗಳು ಶರಾವತಿಯಲ್ಲಿ ಈಗ ಇಳಿಯುವುದಿಲ್ಲ. ಯಾವ ಮೆಣಸಿನ ನಾಡಿಗಾಗಿ ಅರಸನು ಅಷ್ಟು ಹಂಬಲಿಸಿದನೋ ಅದು ಅವನ ವಂಶದ ಕೈಯಲ್ಲಿ ಉಳಿಯಲಿಲ್ಲ. ಇಕ್ಕೇರಿಯ ಅರಮನೆ ಅಳಿದಿದೆ. ಅಘೋರೇಶ್ವರನ ಗುಡಿ ಉಳಿದಿದೆ. ಹೊನ್ನು ಕೊಂಡುಕೊಳ್ಳಲಾರದ ಒಂದು ಮಾತನ್ನು ಹನ್ನೆರಡು ವರ್ಷ ಸದ್ದಿಲ್ಲದೆ ನಡಸಿಕೊಂಡು ಬಂದ ಹೆಣ್ಣೊಬ್ಬಳ ಹೆಸರು, ಹೊನ್ನಾವರದ ದಾರಿಯಾಗಿ ಬಂದ ಪರದೇಶಿಯ ಓಲೆಯಲ್ಲಿ ಉಳಿದಿದೆ.